ಸುಗ್ಗಿ ಹಬ್ಬದ ಹರಾಜು ನಿಲ್ಲಿಸಿ ಕ್ಯೂಆರ್ ಕೋಡ್ ಇಡೋಣ ಅಂತಿದ್ದಾರೆ. ನಿಮ್ಮ ಸಭೆಯಲ್ಲಿ ಹೇಗೆ ಮಾಡುತ್ತೀರಿ?

ತೆಂಗಿನಗರಿ, ತುಮಕೂರು:

ಎಲ್ಲರಿಗೂ ವಂದನೆಗಳು. ನಮ್ಮದು ತುಮಕೂರು ಹತ್ತಿರದ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚು. ಸುಗ್ಗಿ ಹಬ್ಬಕ್ಕೆ ಜನ ಕಾಣಿಕೆಯಾಗಿ ತಂದದ್ದನ್ನು ಅಲ್ಲೇ ಹರಾಜು ಕೂಗುತ್ತೇವೆ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತ್ತು. ಈ ನವೆಂಬರಿನ ಸುಗ್ಗಿ ಹಬ್ಬಕ್ಕೆ ಹರಾಜು ಬೇಡ, ಬಾಗಿಲ ಹತ್ತಿರ ಕ್ಯೂಆರ್ ಕೋಡ್ ಇಡೋಣ, ಮನೆಗೊಂದು ಕಾಣಿಕೆ ಕವರ್ ಕೊಡೋಣ ಅನ್ನುವ ಮಾತು ಬಂತು. ಹರಾಜು ಎರಡೂವರೆ ಗಂಟೆ ಎಳೆಯುತ್ತದೆ, ಊಟ ಆರಿಹೋಗುತ್ತದೆ, ಬೆಂಗಳೂರಿಂದ ಬಂದ ಮಕ್ಕಳಿಗೆ ರೈಲು ತಪ್ಪುತ್ತದೆ ಅಂತ ಕಾರಣ ಹೇಳಿದರು. ಯಾವುದೂ ಸುಳ್ಳಲ್ಲ. ಹೋದ ವರ್ಷ ಊಟಕ್ಕೆ ಎಲೆ ಹಾಕುವಾಗ ಮೂರೂವರೆ ಆಗಿತ್ತು.

ಆದರೂ ನನಗೆ ಮನಸ್ಸು ಒಪ್ಪುತ್ತಿಲ್ಲ. 14 ವರ್ಷದಿಂದ ಹರಾಜಿನ ಮೇಜು ನೋಡಿಕೊಳ್ಳುವವಳು ನಾನು. ಬೆಳಿಗ್ಗೆ ಏಳಕ್ಕೇ ಹೋಗಿ ಯಾರು ಏನು ತಂದರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಆಲ್ಟರಿನ (ಚರ್ಚಿನ ಮುಂದಿನ ಪೀಠ) ಎರಡೂ ಕಡೆ ಕಬ್ಬಿನ ಜಲ್ಲೆ, ಬಾಳೆಕಂದು ಕಟ್ಟುತ್ತೇವೆ. ಕೆಳಗೆ ರಾಗಿ ತೆನೆ, ಕುಂಬಳಕಾಯಿ, ಹುಣಸೆಹಣ್ಣು, ತೆಂಗಿನಕಾಯಿ ಗುಡ್ಡೆ. ಹೊಲ ಇಲ್ಲದವರು ರವೆ ಉಂಡೆ, ಉಪ್ಪಿನಕಾಯಿ, ಕೈಯಲ್ಲಿ ಹೆಣೆದ ಮೇಜುಬಟ್ಟೆ ತರುತ್ತಾರೆ. ಹೆಂಗಸರದು ಹಿಡಿ ಅಕ್ಕಿ. ಅನ್ನಕ್ಕೆ ಇಡುವಾಗ ದಿನಾ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು ನಿಮಗೂ ಗೊತ್ತಲ್ವಾ. ಸೋನಾ ಮಸೂರಿ, ರೇಷನ್ ಅಕ್ಕಿ, ದೋಸೆ ಅಕ್ಕಿ ಎಲ್ಲ ಬಂದು ಒಂದೇ ಚೀಲಕ್ಕೆ ಬೀಳುತ್ತದೆ. ಆ ಬೆರಕೆ ಅಕ್ಕಿ ಒಲೆಗಿಟ್ಟರೆ ಅರ್ಧ ಮುದ್ದೆ, ಅರ್ಧ ಉದುರು. ಆದರೂ ಆ ಚೀಲ ಹಿಡಿಯಲು ಪ್ರತಿ ವರ್ಷ ಪೈಪೋಟಿ.

ಹೋದ ವರ್ಷದ ಒಂದು ವಿಷಯ ಹೇಳುತ್ತೇನೆ. ಕೊನೆ ಬೆಂಚಿನಲ್ಲಿ ಕೂರುವ ಅಜ್ಜಿ ಒಬ್ಬರು ಸೆರಗಿನಲ್ಲಿ ಸುತ್ತಿಕೊಂಡು ಎರಡು ನಾಟಿ ಮೊಟ್ಟೆ ತಂದರು. ಒಂದರ ಮೇಲೆ ಇನ್ನೂ ಒಂದು ಸಣ್ಣ ಪುಕ್ಕ ಅಂಟಿಕೊಂಡಿತ್ತು. "ಇಷ್ಟೇ ಕಣವ್ವ, ಬರ್ಕೋತೀಯಾ?" ಅಂದರು. ಬರೆದುಕೊಂಡೆ. ನಮ್ಮಲ್ಲಿ ಹರಾಜು ಕೂಗುವವರು ರಿಟೈರ್ ಆದ ಮೇಷ್ಟ್ರು. ಅವರು ಎರಡೂ ಮೊಟ್ಟೆ ಅಂಗೈಯಲ್ಲಿಟ್ಟು ಎತ್ತಿ ತೋರಿಸಿ 20 ರೂಪಾಯಿಯಿಂದ ಶುರು ಮಾಡಿದರು. 600ಕ್ಕೆ ನಿಂತಿತು. ಹಿಡಿದವನು ದುಡ್ಡು ಕಟ್ಟಿ ಮೊಟ್ಟೆ ಮತ್ತೆ ಮೇಜಿಗೇ ಇಟ್ಟ, ಇನ್ನೊಂದು ಸಲ ಕೂಗಿ ಅಂತ. ಎರಡನೇ ಸಲ 800. ಹಾಗೆ ನಾಲ್ಕು ಕೈ ದಾಟಿ ಕೊನೆಗೆ ಹಿಡಿದ ಹುಡುಗ ಅಜ್ಜಿ ಕೈಗೇ ವಾಪಸ್ ಕೊಟ್ಟ. ಅಷ್ಟು ಹೊತ್ತೂ ಅಜ್ಜಿ ಎದ್ದು ನಿಂತೇ ನೋಡುತ್ತಿದ್ದರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

ಕ್ಯೂಆರ್ ಕೋಡಿಗೆ ಆ ಎರಡು ಮೊಟ್ಟೆ ಹೇಗೆ ಕೊಡುವುದು?

ನಿಮ್ಮಲ್ಲಿ ಹರಾಜು ಎಷ್ಟು ಹೊತ್ತು ನಡೆಯುತ್ತದೆ? ಬೇಗ ಮುಗಿಸಲು ಏನು ಮಾಡುತ್ತೀರಿ? ನಿಲ್ಲಿಸಿದವರು ಯಾರಾದರೂ ಇದ್ದರೆ ಆಮೇಲೆ ಏನಾಯಿತು ಅಂತಲೂ ಹೇಳಿ. ಮುಂದಿನ ಭಾನುವಾರದೊಳಗೆ ನಾನು ಕಮಿಟಿಗೆ ಏನಾದರೂ ಹೇಳಬೇಕು.

ಮಂಡಿಯವ, ಕೋಲಾರ:

ಅಕ್ಕಾ, ಸ್ತೋತ್ರ. ನಿಮ್ಮ ಕಡೆ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು ಬಂದರು, ಆ ಸಭೆಗಳು 1947ರಲ್ಲಿ ಸಿಎಸ್‌ಐ ಸೇರಿದವು. ನಾವು ಅಮೆರಿಕದ ಮೆಥಡಿಸ್ಟ್ ಕಡೆಯವರು, ಸೇರಲಿಲ್ಲ. ಆದರೆ ಹರಾಜು ನೋಡಿದರೆ ಇಬ್ಬರೂ ಒಂದೇ ಮನೆಯವರು. ನಮ್ಮಲ್ಲೂ ಅದೇ ಎರಡೂವರೆ ಗಂಟೆ ಇತ್ತು. ಈಗ 50 ನಿಮಿಷ.

ನಾನು ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವವನು. ದಿನಾ ಬೆಳಿಗ್ಗೆ ಹರಾಜೇ ನನ್ನ ಅನ್ನ. ಮಂಡಿಯಲ್ಲಿ ಸಾವಿರಾರು ಬಾಕ್ಸ್ ಹೇಗೆ ಬೇಗ ಮುಗಿಯುತ್ತದೆ ಅಂದರೆ, ಒಂದೊಂದೇ ಬಾಕ್ಸಿಗೆ ಯಾರೂ ಕೂಗುವುದಿಲ್ಲ. ಒಬ್ಬ ರೈತನ ಮಾಲೆಲ್ಲ ಒಂದು ಲಾಟ್. ಕೂಗುವವನು ನಡೆಯುತ್ತಲೇ ಇರುತ್ತಾನೆ, ಕೊಳ್ಳುವವರು ಅವನ ಹಿಂದೆ ಹೋಗುತ್ತಾರೆ. ಚರ್ಚಿನಲ್ಲಿ ನಾವು ಮಾಡುವ ತಪ್ಪು ಏನು? 40 ತೆಂಗಿನಕಾಯಿ ಇದ್ದರೆ 40 ಸಲ ಕೂಗುತ್ತೇವೆ.

ನಾವು ಮಾಡಿದ್ದು ಇಷ್ಟು. ತೆಂಗಿನಕಾಯಿ ಐದೈದರ ಗುಡ್ಡೆ. ಸೊಪ್ಪು, ತರಕಾರಿ ಬುಟ್ಟಿ ಲೆಕ್ಕ. ಉಪ್ಪಿನಕಾಯಿ, ತಿಂಡಿಗೆ ಹರಾಜೇ ಇಲ್ಲ, ಹೊರಗೆ ಮೇಜು ಹಾಕಿ ಯುವಜನರು ಮಾರುತ್ತಾರೆ. ಕೂಗುವವರು ಇಬ್ಬರು, ಒಬ್ಬರ ಗಂಟಲು ಕಟ್ಟಿದರೆ ಇನ್ನೊಬ್ಬರು. ದುಡ್ಡು ಅಲ್ಲೇ ಎಣಿಸುತ್ತಾ ಕೂರುವುದಿಲ್ಲ. ಚೀಟಿ ಕೊಡುತ್ತೇವೆ, ಊಟ ಆದ ಮೇಲೆ ಕಟ್ಟುತ್ತಾರೆ. ಆ ಚೀಟಿ ಹತ್ತಿರ ಕ್ಯೂಆರ್ ಇಡಿ, ಅಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸ್ಪೀಕರ್ ಡಬ್ಬಿ ಮಾತ್ರ ಆಲ್ಟರ್ ಹತ್ತಿರ ಇಡಬೇಡಿ. ನಮ್ಮಲ್ಲಿ ಒಂದು ಭಾನುವಾರ ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಪ್ರಾರ್ಥನೆ ಮಾಡುತ್ತಿರುವಾಗ ಅದು ಜೋರಾಗಿ "ಐವತ್ತು ರೂಪಾಯಿ ಬಂದಿದೆ" ಅಂದುಬಿಟ್ಟಿತು. ಸಂಡೇ ಸ್ಕೂಲ್ ಮಕ್ಕಳು ನಗು ತಡೆಯಲಾಗದೆ ಬೆಂಚಿನ ಕೆಳಗೆ ಹೋಗಿ ಕೂತರು.

ಇನ್ನೊಂದು. 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗ ನಮ್ಮ ರೈತರೊಬ್ಬರು ಪ್ರಥಮ ಫಲ ಅಂತ ಒಂದು ಪೂರ್ತಿ ಬಾಕ್ಸ್ ತಂದು ಆಲ್ಟರ್ ಮುಂದೆ ಇಟ್ಟರು. ಕೆಳಗೆ ಮೇಲೆ ಒಂದೇ ಸಮ ಕೆಂಪು, ಒಂದು ಹಣ್ಣಿಗೂ ಕಲೆ ಇಲ್ಲ. ರೇಟು ಬಿದ್ದಾಗ ಬೀದಿಗೆ ಸುರಿದದ್ದನ್ನೂ ಕಂಡ ಮನುಷ್ಯ ಅವರು. ರೇಟು ಇದ್ದಾಗ ಆರಿಸಿ ತಂದರಲ್ಲ, ಅದನ್ನು ನಾವೆಲ್ಲ ಕಣ್ಣಲ್ಲಿ ನೋಡಿದೆವು. ಕವರಿನಲ್ಲಿ ಕಾಣುತ್ತಿರಲಿಲ್ಲ.

ಕಪ್ಪುದ್ರಾಕ್ಷಿ, ಚಿಕ್ಕಬಳ್ಳಾಪುರ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪ ದ್ರಾಕ್ಷಿ ತೋಟದಲ್ಲಿ ಕೂಲಿ. ಹರಾಜು ಶುರುವಾದರೆ ತಲೆ ತಗ್ಗಿಸಿ ನೆಲ ನೋಡುತ್ತಾ ಕೂರುತ್ತಿದ್ದರು. ಯಾರಾದರೂ ತಮಾಷೆಗೆ "ಅಣ್ಣ, ನೀನೂ ಒಂದು ಕೂಗು" ಅಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಅದೇ ನಾಲ್ಕೈದು ಮನೆಯವರು ಕೂಗುವುದು, ಮೈಕಿನಲ್ಲಿ ಅದೇ ಹೆಸರು. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಮತ್ತಾಯ 6ರಲ್ಲಿ ಓದುತ್ತೇವೆ. ಆಮೇಲೆ ಮೈಕ್ ಹಿಡಿದು 5,000, 6,000 ಅಂತ ಕೂಗುತ್ತೇವೆ. ನನಗೆ ಇದು ಇವತ್ತಿಗೂ ನೋಯುತ್ತದೆ.

ಚರ್ಚಿನೊಳಗೆ ಈ ಥರ ಸುಗ್ಗಿ ಹಬ್ಬ ಮಾಡುವುದು 1843ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಮಾರ್ವೆನ್‌ಸ್ಟೋ ಊರಿನಲ್ಲಿ ಶುರುವಾಯಿತು ಅಂತಾರೆ. ಅಲ್ಲಿನ ಪಾದ್ರಿ ಹಾಕರ್ ಅನ್ನುವವರು ಹೊಸ ಧಾನ್ಯದ ರೊಟ್ಟಿಯಲ್ಲೇ ಕರ್ತನ ಭೋಜನ (ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಿರಸ) ಕೊಡಲು ಜನರನ್ನು ಕರೆದರು. ನಮ್ಮ ಸಭೆಯಲ್ಲಿ ಅದನ್ನು ಹಿಡಿದುಕೊಂಡಿದ್ದೇವೆ. ಯಾರ ತೋಟದ್ದೇ ಇರಲಿ, ಮೊದಲು ಬಂದ ಕಪ್ಪು ದ್ರಾಕ್ಷಿ ಬುಟ್ಟಿ ಹರಾಜಿಗೆ ಹೋಗುವುದಿಲ್ಲ. ಅಮ್ಮಂದಿರು ಅದನ್ನು ತೊಳೆದು, ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡಿ ಭೋಜನಕ್ಕೆ ರಸ ತೆಗೆದಿಡುತ್ತಾರೆ. ಆ ಬಟ್ಟೆಯ ನೇರಳೆ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ, ವರ್ಷಾ ಅದೇ ಬಟ್ಟೆ. ಆ ದ್ರಾಕ್ಷಿ ಕೊಯ್ದವರಲ್ಲಿ ನಮ್ಮಪ್ಪನೂ ಒಬ್ಬರು. ಆ ದಿನ ಅವರು ತಲೆ ಎತ್ತಿಕೊಂಡು ಬಟ್ಟಲು ತೆಗೆದುಕೊಳ್ಳುತ್ತಿದ್ದರು.

ತೆಂಗಿನಗರಿ, ತುಮಕೂರು:

ಕಪ್ಪುದ್ರಾಕ್ಷಿಯವರೇ, ನಿಮ್ಮಪ್ಪನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಮ್ಮಲ್ಲಿ ಯಾರು ನೆಲ ನೋಡುತ್ತಾ ಕೂರುತ್ತಾರೆ ಅಂತ ನಾನು ಈವರೆಗೆ ನೋಡಿಲ್ಲ. ನನ್ನ ಕಣ್ಣು ಮೇಜಿನ ಮೇಲೆ, ನೋಟ್‌ಬುಕ್ಕಿನ ಮೇಲೆ ಇರುತ್ತದೆ.

ಒಂದು ಮಾತು ಮಾತ್ರ. ಮತ್ತಾಯ 6 ನಿಜ. ಮಾರ್ಕ 12ರಲ್ಲಿ ಯೇಸು ಕಾಣಿಕೆ ಪೆಟ್ಟಿಗೆ ಎದುರಿಗೇ ಕೂತು ಯಾರು ಏನು ಹಾಕುತ್ತಾರೆ ಅಂತ ನೋಡುತ್ತಿದ್ದ ಅಂತಲೂ ಇದೆ. ವಿಧವೆಯ ಎರಡು ಕಾಸು ಅವನ ಕಣ್ಣಿಗೆ ಬಿತ್ತು, ಶಿಷ್ಯರನ್ನು ಕರೆದು ತೋರಿಸಿದ. ಕೊಟ್ಟವರು ತೋರಿಸಿಕೊಳ್ಳಬಾರದು, ನಿಜ. ಆದರೆ ಸಭೆ ನೋಡಬೇಕಲ್ವಾ?

ಮಾರಿಕುಪ್ಪಂ ರೈಲು, ಕೆಜಿಎಫ್:

ನಾವು ಕ್ಯಾಥೊಲಿಕರು. ಮಂಗಳೂರು ಕಡೆಯವರು ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ಆಶೀರ್ವಾದ ಮಾಡಿಸುತ್ತಾರೆ. ನಮ್ಮೂರಲ್ಲಿ ಹೊಲವೇ ಇಲ್ಲ. ತಾತನ ಕಾಲದ ಸುಗ್ಗಿ ನೆಲದ ಕೆಳಗಿನ ಚಿನ್ನ, ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಈಗ ಮನೆಗೊಬ್ಬರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ.

ನಮ್ಮ ಬೀದಿಯಲ್ಲಿ ಹೊಸದಾಗಿ ಕೆಲಸ ಸಿಕ್ಕ ಮಕ್ಕಳು ಮೊದಲ ಸಂಬಳದಲ್ಲಿ ಒಂದು ಚೀಲ ಅಕ್ಕಿ ತಂದು ಪೂಜೆ ಹೊತ್ತಿಗೆ ಕಾಣಿಕೆ ಕೊಡುತ್ತಾರೆ. ನಮ್ಮಮ್ಮ ಕ್ರಿಸ್‌ಮಸ್‌ಗೆ ಕಲ್‌ಕಲ್, ರೋಸ್ ಕುಕೀಸ್ ಕರಿದರೆ ಮೊದಲು ಕರಿದದ್ದು ಚರ್ಚಿಗೆ. ಅಕ್ಕಾ, ಮೊಟ್ಟೆ ಆದರೂ ಸರಿ, ಸಂಬಳ ಆದರೂ ಸರಿ, ಕೈಯಲ್ಲಿ ಹಿಡಿದು ಮುಂದೆ ನಡೆದುಕೊಂಡು ಹೋಗುವುದನ್ನು ಬಿಡಬೇಡಿ. ನನ್ನ ತಂಗಿ ಆ ಚೀಲ ಹೊತ್ತು ನಡೆದ ದಿನ ಅಮ್ಮ ಅತ್ತಿದ್ದು ನಾನು ನೋಡಿದ್ದೇನೆ.

ತೆಂಗಿನಗರಿ, ತುಮಕೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳಿದ್ದು ಕಮಿಟಿಗೆ ಹೇಳುವುದು ಹೀಗೆ ಬರೆದುಕೊಂಡಿದ್ದೇನೆ. ಆರಾಧನೆಯಲ್ಲೇ ಎಲ್ಲರೂ ತಂದದ್ದನ್ನು ಕೈಯಲ್ಲಿ ಹಿಡಿದು ಆಲ್ಟರ್ ತನಕ ನಡೆದು ಬರಲಿ. ಸಂಬಳದವರು ಕವರ್ ಹಿಡಿದು ಅದೇ ಸಾಲಿನಲ್ಲಿ ಬರಲಿ. ಹರಾಜು ಗುಡ್ಡೆ ಲೆಕ್ಕದಲ್ಲಿ, ಒಂದು ಗಂಟೆ ಒಳಗೆ. ಯಾರು ಹಿಡಿದರು ಅಂತ ಮೈಕಿನಲ್ಲಿ ಹೆಸರು ಬೇಡ, ಚೀಟಿ ಸಾಕು. ಹೊರಗಿನ ಮೇಜಿನಲ್ಲಿ 10 ರೂಪಾಯಿಗೂ ಏನಾದರೂ ಸಿಗಬೇಕು. ಹಿಡಿ ಅಕ್ಕಿ ಹರಾಜು ಹಾಕದೆ ಅವತ್ತಿನ ಊಟಕ್ಕೇ ಬೇಯಿಸೋಣ ಅಂತಲೂ ಕೇಳುತ್ತೇನೆ. ಮುದ್ದೆಯಾದರೆ ಆಗಲಿ, ಎಲ್ಲರ ಎಲೆಗೂ ಎಲ್ಲರ ಮನೆ ಅಕ್ಕಿ ಬೀಳುತ್ತದೆ.

ನಿನ್ನೆ ಸಾಯಂಕಾಲ ಆ ಅಜ್ಜಿ ಮನೆಗೆ ಹೋಗಿದ್ದೆ. ಕೋಳಿ ಕಾವಿಗೆ ಕೂತಿದೆ. "ಈ ಸಲ ಮೊಟ್ಟೆ ಅಲ್ಲ ಕಣವ್ವ, ಮರಿ ತರ್ತೀನಿ, ಜಾಗ ಬಿಟ್ಟು ಬರ್ಕೊ" ಅಂದರು.