ಹಸಿರು ಪ್ರಮಾಣಪತ್ರವಿರುವ ಕಚೇರಿಯಲ್ಲಿ ಮಧ್ಯಾಹ್ನದ ತಲೆನೋವು: ಕಾರಣವನ್ನು ಎಲ್ಲಿ ಹುಡುಕಬೇಕು?

ಬಿಸಿಲುನಾಡಿನವ (ಕಲಬುರಗಿ):
ಮಾನ್ಯರೇ, ನಮ್ಮ ಸಂಸ್ಥೆ ಕಳೆದ ವರ್ಷ ರಿಂಗ್ ರಸ್ತೆಯ ಬದಿಯ ಹೊಸ ಕಟ್ಟಡಕ್ಕೆ ಬಂದಿತು. ಕಟ್ಟಡಕ್ಕೆ ಹಸಿರು ಪ್ರಮಾಣಪತ್ರವಿದೆ, ವಿದ್ಯುತ್ ಬಿಲ್ಲೂ ಹಳೆಯ ಕಚೇರಿಗಿಂತ ಕಡಿಮೆ ಬರುತ್ತಿದೆ. ಆದರೆ ಊಟವಾದ ಮೇಲೆ ನಮ್ಮ ಮಹಡಿಯ ಹಲವರಿಗೆ ತಲೆಭಾರ, ಕಣ್ಣುರಿ ಮತ್ತು ತೂಕಡಿಕೆ ಶುರುವಾಗುತ್ತದೆ. ಸಂಜೆ ಹೊರಬಿದ್ದು ಚಹಾದಂಗಡಿ ಮುಟ್ಟುವಷ್ಟರಲ್ಲಿ ಹಗುರಾಗುತ್ತದೆ. ಕಿಟಕಿಗಳು ತೆರೆಯುವಂಥವಲ್ಲ, ಪಶ್ಚಿಮದ ಗೋಡೆ ಪೂರ್ತಿ ಗಾಜು, ಎ.ಸಿ. 24 ಡಿಗ್ರಿಯಲ್ಲಿದೆ. ಕೇಳಿದರೆ ಬಾಗಿಲಲ್ಲಿರುವ ಪ್ರಮಾಣಪತ್ರದ ಫಲಕವನ್ನು ತೋರಿಸುತ್ತಾರೆ. ಇದು ಕಟ್ಟಡದ ದೋಷವೋ, ನಮ್ಮ ಊಟದ ದೋಷವೋ?

ವಾಸ್ತುಶಿಲ್ಪಿ (ಬೀದರ್):
ಊಟವನ್ನು ದೂರುವ ಮೊದಲು ಗಾಳಿಯನ್ನು ಅಳೆಯಿರಿ. ಪ್ರಮಾಣಪತ್ರವೆಂಬುದು ಅಂಕಗಳ ಮೊತ್ತ. ನೀರು, ವಿದ್ಯುತ್, ನಿವೇಶನ, ಸಾಮಗ್ರಿಗಳ ಜೊತೆಗೆ ಒಳಾಂಗಣ ವಾತಾವರಣವೂ ಅದರಲ್ಲಿ ಒಂದು ವಿಭಾಗ. ಐಜಿಬಿಸಿ (ಭಾರತೀಯ ಹಸಿರು ಕಟ್ಟಡ ಮಂಡಳಿ) ಪದ್ಧತಿಯಲ್ಲಿ ಕನಿಷ್ಠ ಹೊರಗಾಳಿ ಕಡ್ಡಾಯವೇನೋ ಹೌದು, ಆದರೆ ವಿನ್ಯಾಸದಲ್ಲಿ ತೋರಿಸಿದ, ಹೊರಗಾಳಿ ಎಳೆಯುವ ಫ್ಯಾನ್ ಇಂದು ಮಧ್ಯಾಹ್ನ ತಿರುಗುತ್ತಿದೆಯೇ ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಗೋಡೆಗೆ ಹಾಕುವ ಸ್ಪ್ಲಿಟ್ ಎ.ಸಿ. ಕೋಣೆಯ ಗಾಳಿಯನ್ನೇ ತಣಿಸಿ ಮತ್ತೆ ಮತ್ತೆ ಬಿಡುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ಹೊರಗೆ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ) ಇರುತ್ತದೆ. ಒಳಗೆ ಪ್ರತಿ ವ್ಯಕ್ತಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಸಿಕ್ಕರೆ ಅದು 1000ದ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಆ ಅನಿಲವೇ ವಿಷವೆಂದಲ್ಲ, ಅದು ಏರಿದೆ ಎಂದರೆ ಮೈಯ ವಾಸನೆ, ಬಣ್ಣ ಮತ್ತು ಪ್ಲೈವುಡ್‌ನಿಂದ ಹೊರಡುವ ಫಾರ್ಮಾಲ್ಡಿಹೈಡ್ ಎಂಬ ಕಣ್ಣುರಿಸುವ ಅನಿಲ ಮೊದಲಾದುವೂ ಒಳಗೇ ಕೂಡಿಕೊಂಡಿವೆ ಎಂದರ್ಥ. ಪೀಠೋಪಕರಣ ಹೊಸದಾಗಿದ್ದರೆ ಈ ಶಂಕೆ ಇನ್ನೂ ಬಲವಾಗುತ್ತದೆ.

ಗಾಜಿನ ಮಾತು ಬೇರೆ. ಇಳಿಬಿಸಿಲು ಅಡ್ಡಲಾಗಿ ಬರುವುದರಿಂದ ಪಶ್ಚಿಮಕ್ಕೆ ಸಜ್ಜಾ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಒಳಗಿನ ಪರದೆಯೂ ತಡವಾದ ಉಪಾಯವೇ, ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತದೆ. ಕಾದ ಗಾಜಿನ ಪಕ್ಕ ಕೂತವರಿಗೆ ಎ.ಸಿ. ಎಷ್ಟೇ ತೋರಿಸಲಿ, ಮೈಗೆ ಸೆಖೆಯೇ ತಾಗುತ್ತದೆ. ಹೊರಗಡೆಯಿಂದ ನಿಲುವು ಪಟ್ಟಿಗಳನ್ನೋ ಜಾಲಂಧ್ರವನ್ನೋ ಹಾಕಿಸಬೇಕು.

ವೈದ್ಯ (ಯಾದಗಿರಿ):
ಮೇಲಿನವರ ಮಾತಿಗೆ ಒಂದು ಸೇರಿಕೆ. ಕಟ್ಟಡ ಬಿಟ್ಟ ಕೂಡಲೇ ಕಡಿಮೆಯಾಗುವ, ರಜೆಯಲ್ಲಿ ಬಾರದ, ಹಲವರಿಗೆ ಒಟ್ಟಿಗೆ ಕಾಣುವ ತೊಂದರೆಯಾದರೆ ಕಟ್ಟಡದ ಕಡೆಗೇ ನೋಡಬೇಕು. ಆದರೂ ತಲೆನೋವು ಒಬ್ಬರಿಗೇ ಇದ್ದರೆ ರಕ್ತದೊತ್ತಡ ಮತ್ತು ದೃಷ್ಟಿಯನ್ನು ಪರೀಕ್ಷಿಸಿಕೊಳ್ಳಲಿ. ಕಣ್ಣುರಿಗೆ ನಮ್ಮ ಬೇಸಿಗೆಯ ಒಣಗಾಳಿಯೂ ಕಾರಣ: ಎ.ಸಿ. ಅದನ್ನು ಮತ್ತಷ್ಟು ಒಣಗಿಸುತ್ತದೆ, ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೂ ಕಡಿಮೆ.

ನಿವೃತ್ತ ಇಂಜಿನಿಯರ್ (ಕಲಬುರಗಿ):
ಏಪ್ರಿಲ್ ಕೊನೆಯಲ್ಲಿ 43 ಡಿಗ್ರಿ ಬಿಸಿಲಿರುವಾಗ ಹೊರಗಾಳಿ ತನ್ನಿರಿ ಎನ್ನುವುದು ಸುಲಭ, ಲೆಕ್ಕ ಹಾಕಿ ನೋಡಿರಿ. 30 ಜನರಿಗೆ ಸೆಕೆಂಡಿಗೆ 300 ಲೀಟರ್ ಗಾಳಿಯನ್ನು 43ರಿಂದ 24ಕ್ಕೆ ಇಳಿಸಲು ಸುಮಾರು ಎರಡು ಟನ್ ಎ.ಸಿ.ಯ ಶಕ್ತಿ ಹೆಚ್ಚಾಗಿ ಬೇಕು. ಬೇಸಿಗೆಯಲ್ಲಿ ನಿರ್ವಹಣೆಯವರು ಮೊದಲು ನಿಲ್ಲಿಸುವುದು ಈ ಫ್ಯಾನನ್ನೇ; ನಿಮ್ಮ ಬಿಲ್ ಕಡಿಮೆ ಬರಲು ಅದೂ ಒಂದು ಕಾರಣವಾಗಿರಬಹುದು. ನಮ್ಮ ಊರಿನ ಧೂಳೂ ಅಲ್ಪವಲ್ಲ. ಬೇಳೆ ಮಿಲ್‌ಗಳ ಹೊಟ್ಟು, ಒಣ ಕಪ್ಪು ಮಣ್ಣು ಸೇರಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿದ ಫಿಲ್ಟರ್‌ನಲ್ಲಿ ಗಾಳಿ ಬರುವುದು ಹೆಸರಿಗೆ ಮಾತ್ರ. ನಮ್ಮ ಮನೆಯ ಕೂಲರ್ ಈ ಲೆಕ್ಕದಲ್ಲಿ ವಾಸಿ, ಅದು ಹೊರಗಿನ ಗಾಳಿಯನ್ನೇ ಎಳೆಯುತ್ತದೆ; ಆದರೆ ಜೂನ್‌ನ ತೇವಕ್ಕೆ ಅದರ ಆಟ ನಡೆಯುವುದಿಲ್ಲ.

ಸರ್ಕಾರಿ ಕಚೇರಿಗಳು ನಮ್ಮ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುತ್ತವೆ. ನಿಮ್ಮ ಸಂಸ್ಥೆಯೂ ಆ ಹೊತ್ತನ್ನು ಅನುಸರಿಸಿದರೆ ಅರ್ಧ ಸಮಸ್ಯೆ ತಾನಾಗಿ ಹೋಗುತ್ತದೆ.

ಬಿಸಿಲುನಾಡಿನವ:
ಎಲ್ಲರಿಗೂ ಧನ್ಯವಾದಗಳು. ಇಂಗಾಲದ ಡೈಆಕ್ಸೈಡ್ ಅಳೆಯುವ ಮಾಪಕವನ್ನು ಎರವಲು ತಂದು ಮೇಜಿನ ಮೇಲಿಟ್ಟೆವು. ಬೆಳಿಗ್ಗೆ 600ರ ಆಸುಪಾಸು ಇದ್ದದ್ದು ಮೂರು ಗಂಟೆಗೆ 1900 ದಾಟಿತು. ಮಾಳಿಗೆಯ ಮೇಲಿನ ಹೊರಗಾಳಿ ಘಟಕದ ಫಿಲ್ಟರ್ ಬೂದು ಕಂಬಳಿಯಂತಾಗಿತ್ತು, ಸ್ವಿಚ್ ಬಂದ್ ಇತ್ತು. ಬಿಲ್ ಏರುತ್ತದೆಂದು ಮಾರ್ಚ್‌ನಲ್ಲೇ ನಿಲ್ಲಿಸಿದರಂತೆ. ಕಚೇರಿಯ ಹೊತ್ತು ಬದಲಿಸಲು ಮೇಲಿನವರು ಒಪ್ಪುತ್ತಿಲ್ಲ. ಫ್ಯಾನ್ ಪೂರ್ತಿ ಹಾಕದೆ ಬೇರೆ ದಾರಿಯಿದೆಯೇ?

ವಾಸ್ತುಶಿಲ್ಪಿ (ಬೀದರ್):
ಇದೆ. ಬೆಳಗಿನ ಜಾವ ಐದರಿಂದ ಎಂಟರವರೆಗೆ ಘಟಕವನ್ನು ಪೂರ್ತಿ ವೇಗದಲ್ಲಿ ಓಡಿಸಿ, ರಾತ್ರಿಯ ತಂಪನ್ನು ಗೋಡೆಗೂ ನೆಲದ ಫರಸಿಗೂ ತುಂಬಿಸಿರಿ. ಹಗಲಲ್ಲಿ ಇಂಗಾಲದ ಡೈಆಕ್ಸೈಡ್‌ನ ಅಳತೆಗೆ ತಕ್ಕಂತೆ ಫ್ಯಾನಿನ ವೇಗ ಹೆಚ್ಚು ಕಡಿಮೆ ಮಾಡುವ ನಿಯಂತ್ರಕ ಜೋಡಿಸಿದರೆ ಜನ ಕಡಿಮೆ ಇದ್ದಾಗ ವೃಥಾ ಖರ್ಚು ತಪ್ಪುತ್ತದೆ. ದುಡ್ಡಿದ್ದರೆ ಹೊರಹೋಗುವ ತಂಪುಗಾಳಿಯಿಂದ ಒಳಬರುವ ಬಿಸಿಗಾಳಿಯನ್ನು ತಣಿಸುವ ಯಂತ್ರ ಹಾಕಿಸಿರಿ. ಇಂಜಿನಿಯರ್ ಸಾಹೇಬರು ಹೇಳಿದ ಎರಡು ಟನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಫಿಲ್ಟರ್ ಬದಲಾಯಿಸಿದ ದಿನಾಂಕವನ್ನು ಘಟಕದ ಮೇಲೆಯೇ ಬರೆದಿಡಲು ಹೇಳಿರಿ, ಮುಂದಿನ ಗುತ್ತಿಗೆಯಲ್ಲಿ ಆ ಮಾತನ್ನೂ ಸೇರಿಸಿರಿ.