ನಮ್ಮ ಮನೆ ಗುಂಪಿನ ಭಾನುವಾರದ ಜಗಳ

ಬೆಳಿಗ್ಗೆ 6:10ಕ್ಕೆ ಮದ್ದೂರಿನ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ಉದ್ದ ಇತ್ತು. ಸರ್ಕಾರಿ ಕೆಲಸದವನು ನಮ್ಮೂರವನೇ ಆದರೂ ಕೆಲಸದ ಹೊರೆ ಏರಿದರೆ ನಮ್ಮ ಪರ ಮಾತಾಡುವುದು ಬಿಡುತ್ತಾನೆ ಅನ್ನುವುದು ಅದರ ಸಾರ. ಯಾರೂ ಪೂರ್ತಿ ಓದಲಿಲ್ಲ, ಹಾಕಿದವರೂ ಸೇರಿ.

ದೊಡ್ಡಪ್ಪ: ನಮ್ಮವರೇ ಕುರ್ಚಿಯಲ್ಲಿ ಕೂತರೂ ಕೆಲಸ ಆಗಲ್ಲ ಅಂತ ಅವತ್ತೇ ಹೇಳಿದ್ದೆ. ಸೋಮಾರಿಗಳು.

ಮೈಸೂರು ಮಾವ: ಇದರಲ್ಲಿ ಸೋಮಾರಿ ಅಂತ ಎಲ್ಲಿದೆ ಭಾವ? ಬರೆದವರು ಯಾರು? ಮೂಲ ಎಲ್ಲಿ?

ದೊಡ್ಡಪ್ಪ: ನಿನಗೆ ಸೂರ್ಯ ಹುಟ್ಟುವುದಕ್ಕೂ ಮೂಲ ಬೇಕು. ನಮ್ಮ ಕಾಲದ ಶಾನುಭೋಗರು ಊರಿನ ಪ್ರತಿ ಮನೆಯ ಕಷ್ಟ ತಿಳಿದಿದ್ದರು.

ಮೈಸೂರು ಮಾವ: ಶಾನುಭೋಗಿಕೆ 1961ರ ಕಾಯ್ದೆಯಲ್ಲೇ ಹೋಯಿತು. ಆಗ ನೀವು ತೊಟ್ಟಿಲು ಬಿಟ್ಟು ಎಷ್ಟು ದಿನ ಆಗಿತ್ತು?

ಪಾಪು: ಆಶಾ ಕಾರ್ಯಕರ್ತೆಯನ್ನು ಅದೇ ಊರಿಂದ ಆರಿಸುವುದು ಯಾಕೆ ಹೇಳಿ? ಸಾವಿರ ಜನಕ್ಕೆ ಒಬ್ಬರು, 2005ರಿಂದ. ನಮ್ಮವಳಾದರೆ ನಮ್ಮ ಪರ ನಿಲ್ಲುತ್ತಾಳೆ ಅಂತ. ಮೊದಲು ಫಾರ್ವರ್ಡ್ ಓದಿ ಅಲ್ವಾ.

ಪುಟ್ಟಿ: ಅಯ್ಯೋ, ಅಂಗನವಾಡಿ ಉಪ್ಪಿಟ್ಟು ನೆನಪಾಯಿತು!! ಮಂಜ ಎರಡು ಸಲ ಸಾಲಲ್ಲಿ ನಿಂತು ಸಿಕ್ಕಿಬಿದ್ದಿದ್ದ.

ಮಂಜ: ಒಂದೇ ಸಲ.

ಪಾಪು: ರಾಜ್ಯದಲ್ಲಿ ಅಂಗನವಾಡಿ ಮೊದಲು ಶುರುವಾಗಿದ್ದೇ ಚಿಕ್ಕವ್ವನ ಟಿ. ನರಸೀಪುರ ತಾಲ್ಲೂಕಲ್ಲಿ, 1975ರಲ್ಲಿ, ನೂರು ಕೇಂದ್ರ. ಚಿಕ್ಕವ್ವನನ್ನೇ ಕೇಳಿ, ಅಂಗನವಾಡಿಯಲ್ಲಿ ಇರುವವಳು ಅವಳೊಬ್ಬಳೇ.

ಯಾರೂ ಕೇಳಲಿಲ್ಲ.

ಚಿಕ್ಕಪ್ಪ: ಅಣ್ಣ, ಶಾನುಭೋಗರು ನಮ್ಮವರು ಯಾವಾಗ ಆಗಿದ್ದರು? ಅಪ್ಪ ಜಗಲಿ ಕೆಳಗೆ ನಿಂತೇ ಪಹಣಿ ಕೇಳುತ್ತಿದ್ದರಂತೆ.

ಪಹಣಿ ಅನ್ನುವ ಪದ ನಮ್ಮ ಗುಂಪಿನಲ್ಲಿ ಯಾರೂ ಎತ್ತಬಾರದು.

ದೊಡ್ಡಪ್ಪ: ಪಹಣಿ ಬಗ್ಗೆ ನೀನು ಮಾತಾಡುತ್ತೀಯಾ? ನಾಲೆ ಪಕ್ಕದ ಎರಡು ಗುಂಟೆ ಯಾರ ಹೆಸರಿಗೆ ಹೋಯಿತು?

ಚಿಕ್ಕಪ್ಪ: ಹನ್ನೊಂದು ತೆಂಗಿನ ಮರ ಯಾರ ಹೆಸರಿಗೆ ಹೋಯಿತೋ ಅವರನ್ನೇ ಕೇಳಿ.

ಮೈಸೂರು ಮಾವ: ಹನ್ನೊಂದಕ್ಕೆ ಮೂಲ?

ಮಧ್ಯಾಹ್ನದವರೆಗೆ ತೆಂಗಿನ ಮರ ಎಣಿಸಿದರು. ಒಬ್ಬರು ಗುಂಪು ಬಿಟ್ಟರು, ಅವರನ್ನು ಮತ್ತೆ ಸೇರಿಸಿದೆವು. ಪುಟ್ಟಿ ಹಳೇ ಮದುವೆ ಫೋಟೋ ಹಾಕಿದಳು, ಅದರಲ್ಲಿ ಯಾರಿಲ್ಲ ಅಂತ ಇನ್ನೊಂದು ಸುತ್ತು.

ರಾತ್ರಿ 10:52ಕ್ಕೆ ಚಿಕ್ಕವ್ವ ಬರೆದಳು.

ಚಿಕ್ಕವ್ವ: ಈಗ ಫೋನು ಬಿಡುವಾಯಿತು. ಮನೆಗೆ ಕೊಡುವ ರೇಷನ್ನಿಗೆ ತಾಯಿಯ ಮುಖವನ್ನು ಫೋನು ಗುರುತು ಹಿಡಿಯಬೇಕು. ಮೊನ್ನೆ ಒಬ್ಬಳದ್ದು ಹಿಡಿಯಲಿಲ್ಲ. ನಮ್ಮ ಕೇರಿಯವಳೇ, ಅವಳ ಬಾಣಂತನಕ್ಕೆ ನಾನೇ ಬಿಸಿನೀರು ಕಾಸಿಕೊಟ್ಟಿದ್ದೆ. ನಾಳೆ ಬಾ ಅಂದು ಕಳಿಸಿದೆ. ಮೊದಲಾಗಿದ್ದರೆ ಅವಳ ಪರವಾಗಿ ಮೇಲಿನವರ ಹತ್ತಿರ ಜಗಳಕ್ಕೆ ನಿಲ್ಲುತ್ತಿದ್ದೆ. ಈಗ ಮಕ್ಕಳ ತೂಕ ಬರೆಯಬೇಕು, ಅಡುಗೆ ನೋಡಬೇಕು, ಸರ್ವೆ ಬಂದರೆ ಅದು, ಮತದಾರರ ಪಟ್ಟಿ ಬಂದರೆ ಅದೂ. ಜಗಳ ಆಡುವುದಕ್ಕೂ ಹೊತ್ತು ಬೇಕಲ್ಲ ಭಾವ. ಅವಳು ಮತ್ತೆ ಬಂದಿಲ್ಲ.

ಐದು ನಿಮಿಷ ಯಾರೂ ಏನೂ ಹಾಕಲಿಲ್ಲ.

ದೊಡ್ಡಪ್ಪ: ಪಾಪ ಕಣವ್ವ. ಅಂದ ಹಾಗೆ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ತಪ್ಪು ಬಿದ್ದಿದೆ. ನೀನೇ ಒಸಿ ನೋಡಿ ಸರಿ ಮಾಡಿಸು.

ಮೈಸೂರು ಮಾವ: ಅವಳದ್ದು ಬೇರೆ ತಾಲ್ಲೂಕು, ಬೇರೆ ಜಿಲ್ಲೆ ಭಾವ.

ಚಿಕ್ಕವ್ವ: ಫೋಟೋ ಕಳಿಸಿ ಭಾವ, ಯಾರನ್ನಾದರೂ ಕೇಳುತ್ತೇನೆ.