ಜಿಪ್ಸಿಗೆ ಹೊರಗಿನ ರೋಲ್ ಕೇಜ್ ಮನೆಯಲ್ಲೇ ಮಾಡಬಹುದಾ?

ಪ್ರಶ್ನೆ:

ನಮಸ್ಕಾರ ಅಣ್ಣ. ನನ್ನ ಹತ್ತಿರ ಸಾಫ್ಟ್ ಟಾಪ್, ಅಂದರೆ ಬಟ್ಟೆ ಚಾವಣಿಯ ಮಾರುತಿ ಜಿಪ್ಸಿ ಇದೆ. ಮೂಡಿಗೆರೆ ಹತ್ತಿರ ತೋಟ. ಗಾಡಿ ಜಾಸ್ತಿ ಓಡುವುದು ತೋಟದ ಒಳಗೇ. ವರ್ಷಕ್ಕೆ ಎರಡು ಮೂರು ಸಲ ಗೆಳೆಯರ ಜೊತೆ ಆಫ್‌ರೋಡಿಂಗ್‌ಗೂ ಹೋಗುತ್ತೇನೆ. ಹೋದ ತಿಂಗಳು ಇಳಿಜಾರಲ್ಲಿ ಕೆಸರಿಗೆ ಜಾರಿ ಗಾಡಿ ಪಕ್ಕಕ್ಕೆ ವಾಲಿತು. ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಮರ ಇಲ್ಲದಿದ್ದರೆ ಕೆಳಗಿನ ಗದ್ದೆವರೆಗೂ ಉರುಳುತ್ತಿತ್ತು. ಅವತ್ತಿನಿಂದ ಮನೆಯವರು ಹತ್ತಲು ಹೆದರುತ್ತಾರೆ.

ಒಳಗೆ ಜಾಗ ಕಮ್ಮಿ, ಅದಕ್ಕೆ ಹೊರಗಿನಿಂದ ಸುತ್ತ ರೋಲ್ ಕೇಜ್, ಅಂದರೆ ಗಾಡಿ ಉರುಳಿದರೂ ಒಳಗಿದ್ದವರನ್ನು ಕಾಪಾಡುವ ಪೈಪಿನ ಪಂಜರ ಕಟ್ಟೋಣ ಅಂತ ಯೋಚನೆ. ರಾಡ್ ವೆಲ್ಡಿಂಗ್ ಮಷೀನ್, ಗ್ರೈಂಡರ್ ಮನೆಯಲ್ಲಿದೆ. ನೀರಿನ ಲೈನಿಗೆ ತಂದ ಒಂದೂವರೆ ಇಂಚಿನ ಜಿಐ ಪೈಪ್ ಉಳಿದಿದೆ. ಅದರಲ್ಲೇ ಮಾಡಬಹುದಾ? ಕೇಜಿನ ಕಾಲುಗಳನ್ನು ಗಾಡಿಯ ಬಾಡಿ ತಗಡಿಗೆ ಬೋಲ್ಟ್ ಮಾಡಿದರೆ ಸಾಕಾ?

ಉತ್ತರ:

ನಮಸ್ಕಾರ. ಹಾಸನದಲ್ಲಿ ಫ್ಯಾಬ್ರಿಕೇಶನ್ ಶಾಪ್ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಕೇಜ್ ಮಾಡಬಹುದು. ಆದರೆ ಆ ಪೈಪಿನಲ್ಲಿ ಬೇಡ, ಬಾಡಿಗೂ ಬೇಡ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಉರುಳಿದ ಒಂದು ಜೀಪ್ ನನ್ನ ಶಾಪಿಗೆ ಬಂತು. ಬೇರೆ ಕಡೆ ಕೇಜ್ ಹಾಕಿಸಿದ್ದರು. ನೋಡಲು ಭಾರಿ ಗಟ್ಟಿ, ನಿಮ್ಮದರ ಹಾಗೇ ಸತು ಬಳಿದ ದಪ್ಪ ಜಿಐ ಪೈಪು. ಪೈಪು ಒಂದು ಕಡೆಯೂ ಬಗ್ಗಿರಲಿಲ್ಲ. ಆದರೆ ಡ್ರೈವರ್ ಪಕ್ಕದ ಕಾಲು ಬಾಡಿ ತಗಡನ್ನು ಸೀಳಿಕೊಂಡು ಒಂದು ಗೇಣು ಕೆಳಗಿಳಿದಿತ್ತು. ಮೂಲೆಯ ಒಂದು ಜಾಯಿಂಟ್ ಕಳಚಿ ಬಂದಿತ್ತು. ಕಳಚಿದ ಜಾಗವನ್ನು ಬೆರಳಲ್ಲಿ ಸವರಿ ನೋಡಿದೆ. ಪೈಪಿನ ಮೈ ನುಣ್ಣಗೆ, ಬೆಳ್ಳಗೆ ಹಾಗೇ ಇತ್ತು. ಬೆಸುಗೆ ಸತುವಿನ ಮೇಲೆ ಕೂತಿತ್ತೇ ಹೊರತು ಕಬ್ಬಿಣಕ್ಕೆ ಇಳಿದೇ ಇರಲಿಲ್ಲ. ಒಳಗಿದ್ದವರಿಗೆ ಭುಜದ ಮೂಳೆ ಮುರಿಯಿತು, ಜೀವ ಉಳಿಯಿತು. ಅಂಥ ಕೇಜ್ ನಿಮ್ಮದಾಗಬಾರದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಪೈಪು. ಜಿಐ ಪೈಪ್ ಇರುವುದು ನೀರು ಸಾಗಿಸಲು. ಒಂದೂವರೆ ಇಂಚು ಅನ್ನುವುದು ಅದರ ಒಳಗಿನ ಅಳತೆಯ ಹೆಸರು, ಹೊರಗಿನಿಂದ ಅಳೆದರೆ 48 ಮಿ.ಮೀ. ಬರುತ್ತದೆ. ಮೀಡಿಯಂ ಕ್ಲಾಸ್ ಆದರೆ ಮೀಟರಿಗೆ ಮೂರೂವರೆ ಕೆ.ಜಿ. ತೂಗುತ್ತದೆ. ಮೇಲಿನ ಸತುವಿಗೆ ಬೆಂಕಿ ತಾಗಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದರೆ ಆ ರಾತ್ರಿಯೇ ಚಳಿಜ್ವರ ಹಿಡಿಯಬಹುದು.

ಕೇಜ್‌ಗೆ ಬೇಕಾದದ್ದು ಸೀಮ್‌ಲೆಸ್ ಟ್ಯೂಬ್, ಅಂದರೆ ಉದ್ದಕ್ಕೆ ಬೆಸುಗೆಯ ಗೆರೆ ಇಲ್ಲದ್ದು. ಅಂಗಡಿಯಲ್ಲಿ ಸಿಡಿಎಸ್ (ಕೋಲ್ಡ್ ಡ್ರಾನ್ ಸೀಮ್‌ಲೆಸ್, ಕಾಯಿಸದೆ ಎಳೆದದ್ದು) ಅಂತ ಕೇಳಿ. ಅದು ಸಿಗದಿದ್ದರೆ ಸಿಡಿಡಬ್ಲ್ಯೂ, ಅಂದರೆ ಬೆಸೆದು ಆಮೇಲೆ ಕಾಯಿಸದೆ ಎಳೆದದ್ದು. ರ‍್ಯಾಲಿ ಕಾರುಗಳ ಒಳಗಿನ ಕೇಜ್‌ಗೆ ಎಫ್‌ಐಎ, ಅಂದರೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯ ನಿಯಮ ಇದೆ. ಸೀಟಿನ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿ.ಮೀ. ಟ್ಯೂಬ್ ಆದರೆ 2.5 ಮಿ.ಮೀ. ದಪ್ಪ, 50 ಮಿ.ಮೀ. ಟ್ಯೂಬ್ ಆದರೆ 2 ಮಿ.ಮೀ. ದಪ್ಪ, ಕೋಲ್ಡ್ ಡ್ರಾನ್ ಸೀಮ್‌ಲೆಸ್. ನಾನೂ ಅದನ್ನೇ ಹಿಡಿಯುತ್ತೇನೆ. 45ರ ಟ್ಯೂಬ್ ಮೀಟರಿಗೆ 2.6 ಕೆ.ಜಿ. ಬರುತ್ತದೆ. ನಿಮ್ಮ ಗಾಡಿಗೆ ಇಪ್ಪತ್ತು ಮೀಟರ್ ಬೇಕು ಅಂತ ಇಟ್ಟುಕೊಳ್ಳಿ. ಜಿಐನಲ್ಲಿ 70 ಕೆ.ಜಿ. ಆಗುವುದು ಇದರಲ್ಲಿ 52ಕ್ಕೆ ಮುಗಿಯುತ್ತದೆ. ಜಿಪ್ಸಿಯ ತೂಕವೇ ಒಂದು ಟನ್ ಆಸುಪಾಸು. ತಲೆ ಮೇಲೆ ಭಾರ ಹೇರಿದಷ್ಟೂ ಅದು ಬೇಗ ಉರುಳುತ್ತದೆ. ಉರುಳಿದಾಗ ಕಾಪಾಡಲಿ ಅಂತ ಕಟ್ಟಿದ ಕೇಜೇ ಗಾಡಿಯನ್ನು ಉರುಳಿಸಬಾರದು ಅಲ್ವಾ? ಅದಕ್ಕೇ ಮೇಲೆ ಲಗೇಜ್ ಕ್ಯಾರಿಯರ್, ಸ್ಟೆಪ್ನಿ ಏನೂ ಕಟ್ಟಬೇಡಿ.

ಇನ್ನು ಕಾಲು. ಕೇಜಿನ ಜೀವ ಇರುವುದು ಇಲ್ಲೇ. ಜಿಪ್ಸಿಯಲ್ಲಿ ಚಾಸಿಸ್ (ಕೆಳಗಿನ ಕಬ್ಬಿಣದ ಚೌಕಟ್ಟು) ಬೇರೆ, ಬಾಡಿ ಬೇರೆ. ನಡುವೆ ರಬ್ಬರ್ ಬುಷ್ ಇರುತ್ತದೆ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೆ ಚಾಸಿಸ್ ಸ್ವಲ್ಪ ತಿರುಚುತ್ತದೆ, ಬಾಡಿ ಅಷ್ಟು ತಿರುಚುವುದಿಲ್ಲ. ಮುಂದಿನ ಕಾಲು ಬಾಡಿಗೆ, ಹಿಂದಿನ ಕಾಲು ಚಾಸಿಸ್‌ಗೆ ಹಾಕಿದರೆ ಆ ತಿರುಚಾಟವನ್ನೆಲ್ಲ ನಿಮ್ಮ ಬೆಸುಗೆಯೇ ತಿನ್ನಬೇಕು. ಒಂದು ಮಳೆಗಾಲದಲ್ಲೇ ಬಿರುಕು ಬಿಡುತ್ತದೆ. ಹೊರಗಿನ ಕೇಜ್ ಆದರೆ ನಾನು ಎಲ್ಲಾ ಕಾಲನ್ನೂ ಚಾಸಿಸ್‌ಗೇ ತರುತ್ತೇನೆ. ಬಾಗಿಲ ಕೆಳಗೆ ಎರಡೂ ಪಕ್ಕ ಉದ್ದಕ್ಕೆ ಒಂದು ಗಟ್ಟಿ ಪೈಪು, ಅಂದರೆ ಸ್ಲೈಡರ್. ಅದನ್ನು ಪಕ್ಕಕ್ಕೆ ಮೂರು ಮೂರು ಕಡೆ ಚಾಸಿಸ್‌ಗೆ ಹಿಡಿಸಬೇಕು. ಕೇಜಿನ ಕಾಲು ಬಂದು ಆ ಸ್ಲೈಡರ್ ಮೇಲೆ ನಿಲ್ಲಬೇಕು, ಅದೂ ಚಾಸಿಸ್‌ನಿಂದ ಬಂದ ತೋಳಿನ ನೇರಕ್ಕೇ. ಎರಡು ತೋಳಿನ ನಡುವೆ ನಿಲ್ಲಿಸಿದರೆ ಸ್ಲೈಡರ್ ಬಗ್ಗುತ್ತದೆ. ಕೇಜ್‌ಗೂ ಬಾಡಿಗೂ ನಡುವೆ ಒಂದು ಬೆರಳು ಸಲೀಸಾಗಿ ಆಡುವಷ್ಟು ಸಂದು ಬಿಡಿ.

ಜಿಪ್ಸಿ ಚಾಸಿಸ್ ಪೆಟ್ಟಿಗೆಯ ಹಾಗೆ, ಒಳಗೆ ಪೊಳ್ಳು. ಸುಮ್ನೆ ತೂತು ಹೊಡೆದು ಬೋಲ್ಟ್ ಬಿಗಿದರೆ ಪೆಟ್ಟಿಗೆ ಒಳಕ್ಕೆ ಅಮುಕಿಕೊಳ್ಳುತ್ತದೆ. ಬೋಲ್ಟ್ ಹಾಕುವುದಾದರೆ ತೂತಿನೊಳಗೆ ಒಂದು ಪೈಪ್ ತುಂಡು ತೂರಿಸಿ, ಎರಡೂ ಕೊನೆ ಬೆಸೆದು, ಅದರ ಒಳಗಿಂದ ಹಾಯಿಸಿ. ಬೋಲ್ಟ್ 8.8 ಗ್ರೇಡಿಗೆ ಕಮ್ಮಿ ಬೇಡ. ತಲೆ ಮೇಲೆ ಕೊರೆದಿರುತ್ತದೆ, ನೋಡಿಕೊಂಡು ತನ್ನಿ. ಬೆಸೆಯುವುದಾದರೆ ಪೈಪನ್ನು ನೇರ ಚಾಸಿಸ್‌ಗೆ ಹಚ್ಚಬೇಡಿ. ನಡುವೆ 3 ಮಿ.ಮೀ. ಪ್ಲೇಟ್ ಇರಲಿ, ಅಂಗೈ ಅಗಲ. ಎಫ್‌ಐಎ ಕೇಳುವುದೂ 120 ಚದರ ಸೆಂ.ಮೀ., ಅಂದರೆ 12ಕ್ಕೆ 10 ಸೆಂ.ಮೀ. ಪ್ಲೇಟಿನ ಮೂಲೆ ಗುಂಡಗೆ ಮಾಡಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ.

ಆಕಾರದ ವಿಷಯಕ್ಕೆ ನಿಮ್ಮ ತೋಟದ ಗೇಟನ್ನೇ ನೋಡಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಪಟ್ಟಿ ಇರುತ್ತದೆ. ಅದನ್ನು ತೆಗೆದರೆ ಗೇಟು ಜೋತು ಬೀಳುತ್ತದೆ. ಕೇಜೂ ಅಷ್ಟೇ. ನಾಲ್ಕು ಕಂಬ ನಿಲ್ಲಿಸಿ ಮೇಲೆ ಚೌಕ ಕಟ್ಟಿದರೆ ಪಕ್ಕಕ್ಕೆ ಬಿದ್ದಾಗ ಇಡೀ ಚೌಕ ಓರೆಯಾಗಿ ಮಡಚಿಕೊಳ್ಳುತ್ತದೆ. ಸೀಟಿನ ಹಿಂದಿನ ಕಮಾನಿಗೆ ಒಂದು ಓರೆ ಪೈಪು, ಚಾವಣಿಗೆ ಒಂದು, ಕಮಾನಿನಿಂದ ಹಿಂದಕ್ಕೆ ಚಾಸಿಸ್‌ವರೆಗೆ ಎರಡು ಇಳಿಜಾರು ಕಾಲು. ಇಷ್ಟು ಬೇಕೇ ಬೇಕು. ಫೋಟೋದಲ್ಲಿ ಚಂದ ಕಾಣುವ ಎಷ್ಟೋ ಕೇಜ್‌ಗಳಲ್ಲಿ ಈ ಓರೆ ಪೈಪೇ ಇರುವುದಿಲ್ಲ.

ಬೆಂಡ್ ಮಾಡುವುದನ್ನು ಮನೆಯಲ್ಲಿ ಮಾಡಬೇಡಿ. ಮರಳು ತುಂಬಿ ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸುವ ಪದ್ಧತಿ ನಮ್ಮ ಕಡೆ ಇದೆ. ಕಾಯಿಸಿದರೆ ಈ ಟ್ಯೂಬಿನ ಬಲ ಆ ಜಾಗದಲ್ಲಿ ಇಳಿದು ಹೋಗುತ್ತದೆ. ಕೈಯಲ್ಲಿ ಒತ್ತುವ ಹೈಡ್ರಾಲಿಕ್ ಬೆಂಡರ್‌ನಲ್ಲಿ ಒಳಮೈ ಚಪ್ಪಟೆಯಾಗುತ್ತದೆ. ಟ್ಯೂಬಿನ ಅಳತೆಗೇ ಡೈ ಇರುವ ಮಷೀನಿನಲ್ಲಿ, ಕಾಯಿಸದೆ, ವ್ಯಾಸದ ಮೂರು ಪಟ್ಟಾದರೂ ತಿರುವು ಇಟ್ಟು ಮಾಡಿಸಿ. ಮೊದಲು ತೆಳು ಪಿವಿಸಿ ಪೈಪಿನಲ್ಲಿ ಗಾಡಿ ಮೇಲೆ ಅಳತೆ ಕಟ್ಟಿಕೊಂಡು ಹೋಗಿ, ಟ್ಯೂಬ್ ದಂಡವಾಗುವುದಿಲ್ಲ.

ಪ್ರಶ್ನೆ (ಅದೇ ಸದಸ್ಯರು):

ತುಂಬಾ ಉಪಕಾರ ಆಯಿತು ಅಣ್ಣ. ವೆಲ್ಡಿಂಗ್ ನಾನೇ ಮಾಡಬಹುದಾ? ಗೇಟು, ಕಿಟಕಿ ಗ್ರಿಲ್ ಎಲ್ಲ ಮಾಡಿದ್ದೇನೆ.

ಉತ್ತರ:

ಕತ್ತರಿಸುವುದು, ಮೀನಿನ ಬಾಯಿಯ ಹಾಗೆ ಕೊರೆದು ಕೂರಿಸುವುದು, ಟ್ಯಾಕ್ (ಜಾಗ ಹಿಡಿಸಲು ಚುಕ್ಕಿ ಬೆಸುಗೆ) ಹಾಕುವುದು ಎಲ್ಲ ನೀವೇ ಮಾಡಿ. ಪೈಪು ಪೈಪಿಗೆ ಬೆಳಕು ಕಾಣದಷ್ಟು ಕೂರಬೇಕು. ಸಂದನ್ನು ರಾಡಿನಲ್ಲಿ ತುಂಬಿದ್ದು ಜಾಯಿಂಟ್ ಅಲ್ಲ. ಕೊನೆಯ ಬೆಸುಗೆಯನ್ನು ಗ್ಯಾಸ್ ಹಾಯಿಸಿ ಮಾಡುವ ಸಿಒಟು ಅಥವಾ ಟಿಗ್ ವೆಲ್ಡಿಂಗ್‌ನಲ್ಲಿ ಕೈ ಪಳಗಿದವರಿಂದ ಹಾಕಿಸಿ. ಗ್ರಿಲ್ ಕೆಲಸದಲ್ಲಿ ಬೆಸುಗೆ ಬಿಟ್ಟರೆ ಇನ್ನೊಂದು ಟ್ಯಾಕ್ ಹಾಕಬಹುದು, ಇಲ್ಲಿ ಆಗುವುದಿಲ್ಲ. ಹೊರಗಿನ ಕೇಜಿಗೆ ಒಂದು ಅನುಕೂಲ ಇದೆ. ಟ್ಯಾಕ್ ಆದ ಮೇಲೆ ಮೇಲಿನ ಭಾಗವನ್ನು ನಾಲ್ಕು ಜನ ಎತ್ತಿ ಕೆಳಗಿಡಬಹುದು. ಜಾಯಿಂಟ್ ಸುತ್ತ ಪೂರ್ತಿ ಕೈ ಸಿಗುತ್ತದೆ. ಒಂದೇ ಕಡೆಯಿಂದ ಬೆಸೆಯುತ್ತಾ ಹೋಗಬೇಡಿ, ಎಳೆದುಕೊಂಡು ಕೇಜ್ ಸೊಟ್ಟ ಆಗುತ್ತದೆ. ಎಡಕ್ಕೊಂದು, ಬಲಕ್ಕೊಂದು ಹಾಕಿಸಿ.

ಗಾಡಿ ಮೇಲೆ ಬೆಸೆಯುವಾಗ ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಇಳಿಸಿಬಿಡಿ. ಟ್ಯಾಂಕ್ ಮೇಲೆ ಬಟ್ಟೆ ಮುಚ್ಚಿ ಕೆಲಸ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಪೌಡರ್ ಕೋಟಿಂಗ್ ಬದಲು ಮಾಮೂಲಿ ಪೇಂಟ್ ಹೊಡೆಯಿರಿ. ಬಿರುಕು ಬಿಟ್ಟರೆ ಪೇಂಟ್ ಮೇಲೆ ತುಕ್ಕಿನ ಗೆರೆ ಬೇಗ ಕಾಣುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಸಕಲೇಶಪುರ):

ಸರ್, ಕೇಜ್ ಹೊರಗಡೆ ಇರುವುದರಿಂದ ತಲೆಗೆ ಪೈಪು ತಾಗುವ ಭಯ ಇಲ್ಲ. ಹಾಗಾದರೆ ಬೆಲ್ಟ್ ಬೇಕಾ? ಮತ್ತೆ ಆರ್‌ಟಿಒ ಕಡೆಯಿಂದ ತೊಂದರೆ ಇದೆಯಾ?

ಉತ್ತರ:

ಬೆಲ್ಟ್ ಇಲ್ಲದಿದ್ದರೆ ಕೇಜ್ ಹಾಕಬೇಡಿ ಅಂತಲೇ ಹೇಳುತ್ತೇನೆ. ಸಾಫ್ಟ್ ಟಾಪ್‌ನಲ್ಲಿ ಉರುಳುವಾಗ ಕೂತವರು ಹೊರಕ್ಕೆ ಎಸೆಯಲ್ಪಡುತ್ತಾರೆ, ಅದೇ ಕೇಜ್ ಅವರ ಮೇಲೆ ಬೀಳುತ್ತದೆ. ಹಿಂದೆ ಎದುರುಬದುರು ಸೀಟಿನಲ್ಲಿ ಜನ ಕೂರಿಸಿಕೊಂಡು ಟ್ರ್ಯಾಕ್‌ಗೆ ಹೋಗಬೇಡಿ. ವಾಲುವಾಗ ಕೈ ಹೊರಗೆ ಹಾಕಿ ಪೈಪು ಹಿಡಿಯುವುದು ಎಲ್ಲರ ಅಭ್ಯಾಸ. ಬೆರಳು ನೆಲಕ್ಕೂ ಪೈಪಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಒಳಗೆ ಹಿಡಿಯಲು ಒಂದು ಹಿಡಿಕೆ ಹಾಕಿಕೊಡಿ.

ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ನಾವು ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್ (ಬಂಪರ್ ಮುಂದೆ ಹಾಕುವ ಪೈಪಿನ ಗಾರ್ಡ್) ವಿರುದ್ಧ ಕ್ರಮಕ್ಕೆ ಪತ್ರ ಬರೆದಿದ್ದೂ ಇದೇ ಸೆಕ್ಷನ್ ಹಿಡಿದು. ಈಗ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಕೇಜ್ ಇರುವ ಗಾಡಿ ತೋಟದೊಳಗೆ, ಮುಚ್ಚಿದ ಟ್ರ್ಯಾಕ್‌ನಲ್ಲಿ ಮಾತ್ರ ಓಡಲಿ. ಟ್ರ್ಯಾಕ್‌ಗೆ ಲಾರಿ ಮೇಲೆ ಒಯ್ಯಿರಿ. ರಸ್ತೆಯಲ್ಲಿ ಆಚೆ ಚಾಚಿದ ಪೈಪು ಬೈಕಿನವರ ಮೊಣಕಾಲಿಗೆ ತಗುಲಿದರೆ ಏನಾಗುತ್ತದೆ ಅಂತಲೂ ಯೋಚಿಸಿ.

ಮೂಡಿಗೆರೆಯವರೇ, ನೀವು ಟ್ಯಾಕ್ ಹಾಕಿದ ಮೇಲೆ ನಾಲ್ಕೂ ಕಡೆಯಿಂದ, ಕಾಲುಗಳ ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ. ಪೂರ್ತಿ ಬೆಸೆಯುವ ಮೊದಲು ನಾನೊಮ್ಮೆ ನೋಡುತ್ತೇನೆ.